ಇಳಿವಯಸ್ಸಿನ ಬುತ್ತಿ



ಇಂದು ನಾನು ವಿಚಾರಮಾಡಬೇಕೆಂದಿರುವ ಪ್ರಶ್ನೆ ಹಳೆಯದು. ಮನುಷ್ಯನು ದುಡಿಮೆಯಿಂದ ನಿವೃತ್ತನಾದ ಮೇಲೆ ಹಣದ ವಿಷಯದಲ್ಲಿ ನೆಮ್ಮದಿಯಾಗಿರುವುದು ಅಥವಾ ಇಲ್ಲದಿರುವುದು ಯಾವುದರಿಂದ? ಅವನು ತಾನಾಗಿ ಆರಿಸಿಕೊಂಡ ದಾರಿಯಿಂದಲೋ, ಅವನನ್ನು ಕೇಳದೆಯೆ ಬಂದೊದಗಿದ ಸನ್ನಿವೇಶಗಳಿಂದಲೋ? ದೈವ ಹೆಚ್ಚೋ ಪುರುಷಪ್ರಯತ್ನ ಹೆಚ್ಚೋ ಎಂದು ನಮ್ಮ ಹಿರಿಯರು ಜಗಲಿಯ ಮೇಲೆ ಕುಳಿತು ನಡೆಸುತ್ತಿದ್ದ ಚರ್ಚೆಯೂ ಇದೆ. ಅವರ ಚರ್ಚೆ ಮೋಕ್ಷದ ತನಕ ಹೋಗುತ್ತಿತ್ತು. ನಮ್ಮದು ಅಕ್ಕಿ, ಬಾಡಿಗೆ, ಔಷಧ ಇವಿಷ್ಟಕ್ಕೆ ಸೇರಿದ್ದು. ನೆಮ್ಮದಿ ಎಂದರೆ ಇಲ್ಲಿ ಐಶ್ವರ್ಯವಲ್ಲ. ತಿಂಗಳ ಕೊನೆಯಲ್ಲಿ ಮಗನ ಮುಖವನ್ನಾಗಲಿ ನೆರೆಯವರ ಮುಖವನ್ನಾಗಲಿ ನೋಡಬೇಕಾಗದೆ ಬಾಳುವ ಸ್ಥಿತಿ, ಅಷ್ಟೆ.

ಮೊದಲು ಪುರುಷಪ್ರಯತ್ನದ ಪಕ್ಷವನ್ನು ತೆಗೆದುಕೊಳ್ಳೋಣ. ಅದು ದುರ್ಬಲವಾದ ಪಕ್ಷವೇನೂ ಅಲ್ಲ. ಕೂತು ಉಣ್ಣುವವನಿಗೆ ಕುಡಿಕೆ ಹೊನ್ನು ಸಾಲದು ಎಂಬ ಗಾದೆ ಸುಮ್ಮನೆ ಹುಟ್ಟಲಿಲ್ಲ. ಇಬ್ಬರು ಗೆಳೆಯರಿದ್ದಾರೆಂದು ಭಾವಿಸಿ. ಒಬ್ಬನು ತನ್ನ 25ನೆಯ ವರ್ಷದಿಂದ, ಇನ್ನೊಬ್ಬನು 40ನೆಯ ವರ್ಷದಿಂದ, ವರುಷಕ್ಕೆ 12,000 ರೂಪಾಯಿಯಂತೆ 60ನೆಯ ವರ್ಷದವರೆಗೆ ಕೂಡಿಡುತ್ತಾರೆ. ಬಡ್ಡಿ ಶೇಕಡ 8. ಮೊದಲನೆಯವನು ಒಟ್ಟು ಕಟ್ಟುವುದು 4,20,000, ಎರಡನೆಯವನು 2,40,000. ಕಟ್ಟಿದ ಹಣ ಇಮ್ಮಡಿಯೂ ಆಗಲಿಲ್ಲ. ಆದರೆ ಕೊನೆಗೆ ಮೊದಲನೆಯವನ ಕೈಗೆ ಬರುವುದು ಸುಮಾರು 20 ಲಕ್ಷ 68 ಸಾವಿರ. ಎರಡನೆಯವನಿಗೆ ಸುಮಾರು 5 ಲಕ್ಷ 49 ಸಾವಿರ. ಚಕ್ರಬಡ್ಡಿಗೆ ಬೇಕಾದುದು ಹಣಕ್ಕಿಂತ ಹೆಚ್ಚಾಗಿ ಕಾಲ. ಆ ಕಾಲವನ್ನು ಕಳೆದುಕೊಂಡವನು ಮುಂದೆ ಎಷ್ಟು ಜಿಪುಣತನ ಮಾಡಿದರೂ ಅದು ಹಿಂದಿರುಗಿ ಬಾರದು.

ಇದಲ್ಲದೆ, ನಿವೃತ್ತಿಯ ದಿನ ಕೈಗೆ ಬಂದ ಗ್ರಾಚ್ಯುಯಿಟಿ ಹಣವನ್ನು ಆರು ತಿಂಗಳೊಳಗೆ ಮಗಳ ಮದುವೆಗೂ ಮನೆಯ ಮಹಡಿಗೂ ಸುರಿದು ಬರಿಗೈಯಾದವರನ್ನು ನಾವೆಲ್ಲರೂ ಬಲ್ಲೆವು. ಸ್ನೇಹಿತನ ಸಾಲಕ್ಕೆ ಜಾಮೀನು ನಿಂತು ಮುಳುಗಿದವರನ್ನೂ ಬಲ್ಲೆವು. ಇಂಥ ಕಡೆ ಸನ್ನಿವೇಶವನ್ನು ದೂರುವುದು ನ್ಯಾಯವಲ್ಲ.

ಆದರೆ ಪ್ರಶ್ನೆ ಇಷ್ಟಕ್ಕೆ ಮುಗಿಯುವುದಾದರೆ ನಾನು ನಿಮ್ಮ ಸಮಯವನ್ನು ತೆಗೆದುಕೊಳ್ಳುತ್ತಿರಲಿಲ್ಲ. ಎದುರು ಪಕ್ಷವನ್ನು ಕೇಳೋಣ.

ನಮ್ಮ ರಾಜ್ಯದ ಸರ್ಕಾರಿ ನೌಕರರಲ್ಲಿ 2006ರ ಏಪ್ರಿಲ್ 1ಕ್ಕೆ ಮುಂಚೆ ಸೇರಿದವರಿಗೆ ಒಂದು ಪದ್ಧತಿ, ಆ ದಿನದಿಂದೀಚೆಗೆ ಸೇರಿದವರಿಗೆ ಇನ್ನೊಂದು. ಮುಂಚಿನವರಿಗೆ ಪೂರ್ಣ ಸೇವೆಯಾಗಿದ್ದರೆ ಕೊನೆಯ ಸಂಬಳದ ಅರ್ಧ ವಿಶ್ರಾಂತಿವೇತನ, ಅದರ ಮೇಲೆ ಬೆಲೆಯೇರಿಕೆಗೆ ತಕ್ಕ ತುಟ್ಟಿಭತ್ಯ. ಅನಂತರ ಸೇರಿದವರು ತಮ್ಮ ಸಂಬಳದಿಂದ ಶೇಕಡ 10ನ್ನು ಕೊಡಬೇಕು. ಸರ್ಕಾರವೂ ತನ್ನ ಪಾಲನ್ನು ಸೇರಿಸುತ್ತದೆ. ಕೊನೆಗೆ ಬರುವುದು ಎಷ್ಟೆಂಬುದು ಪೇಟೆಯ ಏರಿಳಿತಕ್ಕೆ ಬಿಟ್ಟದ್ದು. ಮಾರ್ಚಿಯ ಕೊನೆಯಲ್ಲಿ ಸೇರಿದವನು ಏಪ್ರಿಲಿನಲ್ಲಿ ಸೇರಿದವನಿಗಿಂತ ಹೆಚ್ಚು ವಿವೇಕಿಯೇ? ನೇಮಕದ ಕಡತ ಯಾವ ಮೇಜಿನ ಮೇಲೆ ಎಷ್ಟು ದಿನ ಮಲಗಿತ್ತೆಂಬುದೇ ಅವರ ಮುಪ್ಪನ್ನು ನಿರ್ಣಯಿಸಿತು. ಈ ಅನ್ಯಾಯವನ್ನು ಸರ್ಕಾರವೇ ಸ್ವಲ್ಪಮಟ್ಟಿಗೆ ಒಪ್ಪಿಕೊಂಡಂತೆ, ಆ ದಿನಕ್ಕೆ ಮುಂಚೆಯೇ ಪ್ರಕಟಣೆ ಹೊರಟಿದ್ದ ಹುದ್ದೆಗಳಿಗೆ ತಡವಾಗಿ ಸೇರಿದವರಿಗೆ 2024ರಲ್ಲಿ ಹಳೆಯ ಪದ್ಧತಿಯ ದಾರಿಯನ್ನು ತೆರೆಯಿತು.

ಇನ್ನು ಬಡ್ಡಿಯ ಮಾತು. 1968ರಲ್ಲಿ ಆರಂಭವಾದ ಸಾರ್ವಜನಿಕ ಭವಿಷ್ಯನಿಧಿಗೆ 1986ರಿಂದ 2000ದ ಜನವರಿಯವರೆಗೆ ಶೇಕಡ 12 ಬಡ್ಡಿ ಇತ್ತು. 2020ರ ಏಪ್ರಿಲಿನಲ್ಲಿ ಅದು 7.1ಕ್ಕೆ ಇಳಿಯಿತು. ವರುಷಾರಂಭದಲ್ಲಿ 10,000 ರೂಪಾಯಿಯಂತೆ 15 ವರ್ಷ ಕಟ್ಟಿದವನಿಗೆ ಮೊದಲಿನ ದರದಲ್ಲಿ 4 ಲಕ್ಷ 17 ಸಾವಿರ, ಎರಡನೆಯ ದರದಲ್ಲಿ 2 ಲಕ್ಷ 71 ಸಾವಿರ. ಮೊದಲಿನ ಕಾಲದಲ್ಲಿ ಬೆಲೆಗಳೂ ವೇಗವಾಗಿ ಏರುತ್ತಿದ್ದುವೆಂಬುದು ನಿಜ. ಆದುದರಿಂದ ಆ ಲಾಭವೆಲ್ಲ ಲಾಭವಲ್ಲ. ಆದರೂ ಒಂದೇ ಶಿಸ್ತಿಗೆ ಎರಡು ಫಲ ಎಂಬುದಂತೂ ಸ್ಪಷ್ಟ. ಆ ದರವನ್ನು ಕಟ್ಟುವವನು ಆರಿಸಲಿಲ್ಲ. ತಾನು ಹುಟ್ಟುವ ವರ್ಷವನ್ನೂ ಆರಿಸಲಿಲ್ಲ.

ಕೋಲಾರದ ಚಿನ್ನದ ಗಣಿಯನ್ನು ನೆನೆಯಿರಿ. 1902ರಲ್ಲಿ ಶಿವನಸಮುದ್ರದಿಂದ ವಿದ್ಯುತ್ತು ಹರಿದದ್ದು ಆ ಗಣಿಗಾಗಿ. ಮೂರು ಕಿಲೋಮೀಟರಿಗೂ ಆಳವಾದ ಆ ಬಿಸಿಯಲ್ಲಿ ತಾತ, ತಂದೆ, ಮಗ ಎಂದು ತಲೆಮಾರುಗಳು ದುಡಿದುವು. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು. ಅಂದು 45 ವರ್ಷದವನಾಗಿದ್ದ ಕೆಲಸಗಾರನಿಗೆ ಮಿತವ್ಯಯದ ಉಪದೇಶವನ್ನು ಮಾಡಬಹುದು. ಆದರೆ ಮುಂದಿನ 15 ವರ್ಷದ ಸಂಬಳವನ್ನು ಯಾವ ಮಿತವ್ಯಯ ತಂದುಕೊಟ್ಟೀತು? ಅವನು ಮನೆ ಕೊಂಡಿದ್ದರೆ ಅದರ ಬೆಲೆಯೂ ಊರಿನ ಭಾಗ್ಯದೊಡನೆ ಇಳಿಯಿತು.

ಇಷ್ಟು ಹೊತ್ತೂ ನಾನು ಮಾತನಾಡಿದ್ದು ಸಂಬಳದ ಜನರನ್ನು ಕುರಿತು. ಗಾರೆ ಕೆಲಸದವನು, ಹೂ ಮಾರುವವಳು, ಮನೆಗೆಲಸದವಳು, ಕೂಲಿಯ ಒಕ್ಕಲಿಗ, ಇವರಿಗೆ ನಿವೃತ್ತಿಯ ದಿನವೆಂಬುದೇ ಇಲ್ಲ. ಮೈ ಸೋತ ದಿನವೇ ಅವರ ನಿವೃತ್ತಿ. 2007ರಿಂದ ನಮ್ಮ ರಾಜ್ಯದಲ್ಲಿ ಬಂದಿರುವ ಸಂಧ್ಯಾ ಸುರಕ್ಷೆಯ ಮೊತ್ತವನ್ನು 2021ರಲ್ಲಿ ತಿಂಗಳಿಗೆ 1,200 ರೂಪಾಯಿಗೆ ಏರಿಸಿದರು. ಅದು ಇಲ್ಲದುದಕ್ಕಿಂತ ಬಹಳ ಮೇಲು. ಆದರೆ ಅದನ್ನು ನೆಮ್ಮದಿಯೆಂದು ಕರೆಯಲು ನಾಲಗೆ ಏಳುವುದಿಲ್ಲ. ಹೆಂಗಸರ ಪಾಡು ಇನ್ನೂ ಒಂದು ತೂಕ ಹೆಚ್ಚು. ಬಾಳೆಲ್ಲ ಸಂಬಳವಿಲ್ಲದೆ ದುಡಿದು, ಗಂಡನಿಗಿಂತ ಹೆಚ್ಚು ವರ್ಷ ಬದುಕಿ, ಗಂಡನ ಉಳಿತಾಯ ಎಲ್ಲಿದೆಯೆಂದೂ ತಿಳಿಯದೆ ಕುಳಿತ ತಾಯಂದಿರು ಎಷ್ಟು ಮಂದಿ!

ಇಲ್ಲಿ ನನ್ನ ಮನೆಯ ಮಾತನ್ನು ಹೇಳಲು ಅಪ್ಪಣೆ ಕೊಡಿ. ಈ ಪ್ರಶ್ನೆ ನನಗೆ ಪುಸ್ತಕದಿಂದ ಬಂದುದಲ್ಲ.

ನನ್ನ ಅಣ್ಣ ನನಗಿಂತ ಎಂಟು ವರ್ಷ ದೊಡ್ಡವನು. 1961ರಲ್ಲಿ ನಮ್ಮ ತಂದೆ ತೀರಿಕೊಂಡಾಗ ಅವನಿಗೆ 17 ವರ್ಷ. ಓದಿನಲ್ಲಿ ಅವನು ನನಗಿಂತ ಮುಂದಿದ್ದ. ಮರುವರ್ಷ ಪುಸ್ತಕಗಳನ್ನು ಕಟ್ಟಿಟ್ಟು ಬಟ್ಟೆಯ ಗಿರಣಿಯೊಂದಕ್ಕೆ ಸೇರಿದ. ನನ್ನ ಶಾಲೆ, ಕಾಲೇಜು, ವಿದ್ಯಾರ್ಥಿನಿಲಯದ ಊಟ, ಎಲ್ಲಕ್ಕೂ ಹಣ ಬಂದದ್ದು ಅವನ ಕೂಲಿಯಿಂದ. 1977ರಲ್ಲಿ ನಾನು ಸರ್ಕಾರದ ಅಧ್ಯಾಪಕನಾದೆ, 2012ರಲ್ಲಿ ನಿವೃತ್ತನಾದೆ. ಅವನ ಗಿರಣಿ 1991ರಲ್ಲಿ ಮುಚ್ಚಿತು. ನೌಕರರ ಪಿಂಚಣಿ ಯೋಜನೆ ಜಾರಿಗೆ ಬಂದದ್ದು 1995ರ ನವೆಂಬರ್ 16ರಂದು; ಆದುದರಿಂದ ಅದು ಅವನಿಗೆ ದೊರೆಯಲಿಲ್ಲ. ಭವಿಷ್ಯನಿಧಿಯ ಹಣ ಬಂತು. ಮಗಳ ಮದುವೆಗೂ ಕೆಲಸವಿಲ್ಲದ ಎರಡು ವರ್ಷದ ಊಟಕ್ಕೂ ಅದು ಆಯಿತು. ಅನಂತರ ಒಂದು ಅಂಗಡಿಯಲ್ಲಿ ಲೆಕ್ಕ ಬರೆದು, ಕಣ್ಣು ಮಂಜಾಗುವವರೆಗೆ ಬಾಳು ಸಾಗಿಸಿದ.

ನಾನು ನಿವೃತ್ತನಾದ ವರ್ಷ ಅವನ ಮನೆಗೆ ಹೋಗಿದ್ದಾಗ, ಅತ್ತಿಗೆಯ ಔಷಧಕ್ಕೆ ಹಣ ಸಾಲದೆಂಬ ಮಾತು ಬಂತು. ನಾನು ಕೊಟ್ಟೆ, ಕೊಟ್ಟವನು ಸುಮ್ಮನಿರಲಿಲ್ಲ. "ಆ ಕಾಲದಲ್ಲಿ ಸ್ವಲ್ಪ ಕೂಡಿಡಬಾರದಾಗಿತ್ತೆ, ಅಣ್ಣ?" ಎಂದೆ. ಅವನು ನನ್ನನ್ನು ನೋಡಿದ. "ಇಡಬಹುದಾಗಿತ್ತು" ಎಂದು ಹೇಳಿ, ಕಾಫಿ ಆರಿಹೋಗುತ್ತದೆ, ಕುಡಿ ಎಂದ.

ಬಸ್ಸಿನಲ್ಲಿ ಹಿಂದಿರುಗುವಾಗ ನನಗೆ ನನ್ನ ಮಾತಿನ ಅರ್ಥವಾಯಿತು. ಅಧ್ಯಾಪಕನಾದುದರಿಂದ ಲೆಕ್ಕ ಹಾಕಿದೆ. ನನ್ನ ಓದಿಗೆ ಅವನು ಕೊಟ್ಟದ್ದನ್ನು ಬಡ್ಡಿಯೊಡನೆ ಕೂಡಿಸಿದರೂ ಮೊತ್ತ ಅಷ್ಟೇನೂ ದೊಡ್ಡದಾಗಲಿಲ್ಲ. ದೊಡ್ಡದು ಬೇರೆ. ಅವನು ಬಿಟ್ಟುಕೊಟ್ಟದ್ದು ಓದನ್ನು. ಓದಿನ ಹಿಂದೆ ಬರಬಹುದಾಗಿದ್ದ ಹುದ್ದೆಯನ್ನು. ಹುದ್ದೆಯ ಹಿಂದೆ ಬರುವ ವಿಶ್ರಾಂತಿವೇತನವನ್ನು. ನಾನು ಮಿತವ್ಯಯಿಯೆಂದು ಹೆಮ್ಮೆಪಡುತ್ತಿದ್ದೆ. ಆ ಮಿತವ್ಯಯವಾದರೂ ಎಷ್ಟರಮಟ್ಟಿಗೆ ನನ್ನದು? 1891ರಲ್ಲಿ ಮೈಸೂರು ಸರ್ಕಾರ ತನ್ನ ನೌಕರರಿಗಾಗಿ ಜೀವವಿಮೆಯ ಏರ್ಪಾಡನ್ನು ಮಾಡಿ, ಅದಕ್ಕೆ ಸೇರುವುದು ಕಡ್ಡಾಯವೆಂದು ವಿಧಿಸಿತು. ಆ ವಿಮೆಯ ಕಂತು ನನ್ನ ಸಂಬಳ ಕೈಸೇರುವ ಮುನ್ನವೇ ಕಡಿತವಾಗುತ್ತಿತ್ತು. ನನ್ನ ಹೆಸರಿನಲ್ಲಿ ಸರ್ಕಾರ ಜಾಣನಾಗಿತ್ತು. ಹೊಗಳಿಕೆಯನ್ನು ನಾನು ಪಡೆಯುತ್ತಿದ್ದೆ.

ಹಾಗೆಂದು ಪ್ರಯತ್ನಕ್ಕೆ ಬೆಲೆಯಿಲ್ಲವೆಂದು ಹೇಳುವಂತಿಲ್ಲ. ಅಣ್ಣನ ಪಕ್ಕದ ಮಗ್ಗದಲ್ಲಿ ದುಡಿಯುತ್ತಿದ್ದವರೊಬ್ಬರು ಬೀಡಿ, ಸಿನೆಮ ಎಲ್ಲವನ್ನೂ ಬಿಟ್ಟು ಊರಿನ ಅಂಚಿನಲ್ಲಿ ಒಂದು ನಿವೇಶನವನ್ನು ಕೊಂಡಿದ್ದರು. ಗಿರಣಿ ಅವರಿಗೂ ಮುಚ್ಚಿತು. ಆದರೆ ಆ ನಿವೇಶನದಲ್ಲಿ ಕಟ್ಟಿದ ಎರಡು ಮನೆಗಳ ಬಾಡಿಗೆಯಲ್ಲಿ ಅವರ ಮುಪ್ಪು ಸುಖವಾಗಿ ನಡೆಯಿತು. ಇದು ಅವರ ವಿವೇಕ, ಸಂದೇಹವಿಲ್ಲ. ಊರು ಅವರ ನಿವೇಶನದ ಕಡೆಗೇ ಬೆಳೆದದ್ದು ಅವರ ಅದೃಷ್ಟ. ಅದೇ ವಿವೇಕದಿಂದ ಚಿನ್ನದ ಗಣಿಯ ಊರಿನಲ್ಲಿ ಕೊಂಡಿದ್ದರೆ ಫಲ ಹೀಗೆ ಇರುತ್ತಿರಲಿಲ್ಲ.

ಆದುದರಿಂದ ನನಗೆ ತೋರುವುದು ಹೀಗೆ. ಸನ್ನಿವೇಶವು ಹೊಲದ ಎಲ್ಲೆಯನ್ನು ಗೊತ್ತುಮಾಡುತ್ತದೆ. ಆ ಎಲ್ಲೆಯೊಳಗೆ ಬೆಳೆಯುವುದು ಬಿಡುವುದು ನಮ್ಮ ಕೈಯಲ್ಲಿದೆ. ವಿಸ್ತಾರವಾದ ಹೊಲವುಳ್ಳವನು ಸೋಮಾರಿಯಾದರೆ ತಪ್ಪು ಅವನದು. ಕೈಯಗಲದ ಹೊಲದವನು ಎಷ್ಟು ದುಡಿದರೂ ಕಣಜ ತುಂಬದಿದ್ದರೆ ಅವನನ್ನು ಸೋಮಾರಿ ಎನ್ನುವುದು ಪಾಪ.

ಇನ್ನೂ ಒಂದು ಸಂಗತಿ ಉಂಟು. ಒಬ್ಬನಿಗೆ ಸನ್ನಿವೇಶವಾಗಿರುವುದು ಅನೇಕ ವೇಳೆ ಇನ್ನೊಬ್ಬರ ಆಯ್ಕೆ. ನನ್ನ ಅದೃಷ್ಟ ನನ್ನ ಅಣ್ಣನ ಆಯ್ಕೆಯಾಗಿತ್ತು. 1891ರ ವಿಮೆ ಯಾರೋ ಅಧಿಕಾರಿಗಳು ಕುಳಿತು ಯೋಚಿಸಿ ಮಾಡಿದ ಆಯ್ಕೆ. ಕಾರ್ಖಾನೆಯ ಕೆಲಸಗಾರನಿಗೆ 1952ರ ಭವಿಷ್ಯನಿಧಿಯ ಕಾಯಿದೆ ಮಳೆಯಂತೆ ಆಕಾಶದಿಂದ ಬೀಳಲಿಲ್ಲ. ವಿಶ್ರಾಂತಿವೇತನವು ಧಣಿಯ ದಯೆಯಲ್ಲ, ಸಲ್ಲಿಸಿದ ಸೇವೆಗೆ ಸಲ್ಲಬೇಕಾದ ಹಕ್ಕು ಎಂದು 1982ರ ಡಿಸೆಂಬರ್ 17ರಂದು ಸರ್ವೋಚ್ಚ ನ್ಯಾಯಾಲಯ ನಕಾರಾ ಅವರ ಮೊಕದ್ದಮೆಯಲ್ಲಿ ತೀರ್ಪಿತ್ತಿತು. ಅದಕ್ಕೂ ಒಬ್ಬ ನಿವೃತ್ತ ನೌಕರರು ನ್ಯಾಯಾಲಯದ ಮೆಟ್ಟಿಲು ಹತ್ತಬೇಕಾಯಿತು. ಒಬ್ಬೊಬ್ಬನ ಪಾಲಿಗೆ ದೈವವೆಂದು ತೋರುವುದು ಸಮಾಜದ ಪಾಲಿಗೆ ಪುರುಷಪ್ರಯತ್ನವೇ. ನಾವು ಎಲ್ಲರೂ ಸೇರಿ ಆರಿಸಬಹುದಾದುದನ್ನು ದೈವವೆಂದು ಕರೆದು ಕೈಕಟ್ಟಿ ಕುಳಿತುಕೊಳ್ಳಬಾರದು.

ಕಿರಿಯ ಶ್ರೋತೃಗಳಿಗೆ ಎರಡು ಮೂರು ಮಾತು. ಉಳಿದುದನ್ನು ಕೂಡಿಡುವೆನೆಂದು ಕಾಯಬೇಡಿ; ಮೊದಲು ಎತ್ತಿಟ್ಟು ಉಳಿದುದರಲ್ಲಿ ಬಾಳಿ. ಬೆಲೆಗಳು ವರುಷಕ್ಕೆ ಶೇಕಡ 6ರಂತೆ ಏರಿದರೆ 12 ವರ್ಷಕ್ಕೆ ಇಮ್ಮಡಿಯಾಗುತ್ತವೆಂಬುದನ್ನು ಮರೆಯಬೇಡಿ. 60ರಲ್ಲಿ ಸಾಕಾಗುವ 20,000 ರೂಪಾಯಿ 72ರಲ್ಲಿ ಅರ್ಧ ಹೊಟ್ಟೆಗೆ ಮಾತ್ರ. ಹಣದ ಪತ್ರಗಳು ಎಲ್ಲಿವೆ, ಯಾರ ಹೆಸರಿನಲ್ಲಿವೆ ಎಂಬುದು ಹೆಂಡತಿಗೂ ತಿಳಿದಿರಲಿ. ಪ್ರೀತಿಯ ಭರದಲ್ಲಿ ಇದ್ದುದೆಲ್ಲವನ್ನೂ ಮಕ್ಕಳ ಹೆಸರಿಗೆ ಬರೆದುಕೊಡಬೇಡಿ. ತಂದೆತಾಯಿಗಳ ರಕ್ಷಣೆಗೆಂದು 2007ರಲ್ಲಿ ಕಾಯಿದೆ ಬಂದಿದೆಯೆಂಬುದು ನಿಜ; ಆದರೆ ಮಗನ ಮೇಲೆ ಕಾಯಿದೆ ಹೂಡಬೇಕಾದ ದಿನ ಯಾವ ತಾಯಿಗೂ ಬಾರದಿರಲಿ.

ಹಿರಿಯರಿಗೆ, ಎಂದರೆ ನನ್ನಂಥವರಿಗೆ, ಒಂದೇ ಮಾತು. ತಿಂಗಳ ಮೊದಲ ದಿನ ವಿಶ್ರಾಂತಿವೇತನ ಕೈಸೇರಿದಾಗ, ಇದು ನನ್ನ ಜಾಣ್ಮೆಯ ಫಲವೆಂದುಕೊಳ್ಳುವ ಮುನ್ನ ಅದರಲ್ಲಿ ಯಾರಾರ ಪಾಲು ಇದೆಯೆಂದು ಎಣಿಸಿ ನೋಡೋಣ. ಎಣಿಸಿದಮೇಲೆ ಆ ಪಾಲನ್ನು ಸಲ್ಲಿಸೋಣ. ಅಣ್ಣನ ಮನೆಗೆ ನಾನು ಅಂದಿನಿಂದ ಪ್ರತಿ ತಿಂಗಳೂ ಕಳುಹಿಸುತ್ತಿದ್ದೇನೆ. ಅದನ್ನು ಸಹಾಯವೆಂದು ಕರೆಯುವುದನ್ನು ಬಿಟ್ಟಿದ್ದೇನೆ. ಅವನು ಮಾತ್ರ ಪ್ರತಿ ಸಲವೂ ಹಣ ಮುಟ್ಟಿತೆಂದು ಒಂದು ಕಾಗದ ಬರೆಯುತ್ತಾನೆ. ಕೆಳಗೆ, ಆರೋಗ್ಯವಾಗಿರು, ಖರ್ಚಿನಲ್ಲಿ ಹಿಡಿತವಿರಲಿ, ಎಂದು ಸೇರಿಸುತ್ತಾನೆ.