ಹಬ್ಬದ ಸವಿಯೂ ಮಕ್ಕಳ ಆರೋಗ್ಯವೂ

(ಶ್ರೀಮಠದ ಮಹೋತ್ಸವದ ಅಂಗವಾಗಿ ಹುಲಕೋಟಿಯಲ್ಲಿ ನೆರೆದ ಮಹಿಳಾಗೋಷ್ಠಿಯಲ್ಲಿ ಮಾಡಿದ ಭಾಷಣ)

 

ಈ ಪುಣ್ಯಸಮಾರಂಭದಲ್ಲಿ ನಾಲ್ಕು ಮಾತುಗಳನ್ನಾಡಬೇಕೆಂದು ಶ್ರೀಗಳವರ ಅಪ್ಪಣೆಯಾಯಿತು. ಶಾಸ್ತ್ರವನ್ನು ಬಲ್ಲವಳೆಂದು ಹೇಳಿಕೊಳ್ಳುವ ಅಧಿಕಾರ ನನಗಿಲ್ಲ. ಇಬ್ಬರು ಮಕ್ಕಳ ತಾಯಿಯಾಗಿ ನಾನು ಮಾಡಿದ ಒಂದು ತಪ್ಪನ್ನೂ, ಅದರಿಂದ ಕಲಿತ ಪಾಠವನ್ನೂ ತಮ್ಮ ಮುಂದಿಡುವೆನು.

ನನ್ನ ತಂದೆಯವರು ಮಧುಮೇಹದಿಂದ ಬಹುಕಾಲ ನರಳಿ ತೀರಿಕೊಂಡರು. ಕಡೆಯ ದಿನಗಳಲ್ಲಿ ಕಣ್ಣು ಮಂಜಾಗಿ, ಕಾಲಿನ ಹುಣ್ಣು ಮಾಯದೆ ಅವರು ಪಟ್ಟ ಪಾಡನ್ನು ಕಂಡ ನನ್ನ ಮನಸ್ಸಿನಲ್ಲಿ ಸಿಹಿಯೆಂದರೆ ವಿಷವೆಂಬ ಭಾವನೆಯು ಬೇರೂರಿತು. ಈ ಅಂಜಿಕೆಯು ನಿರಾಧಾರವಾದುದಲ್ಲ. ನಮ್ಮ ದೇಶದಲ್ಲಿ ಹತ್ತು ಕೋಟಿಗೂ ಮಿಕ್ಕಿ ಜನರಿಗೆ ಮಧುಮೇಹವಿರುವುದೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಆಶ್ರಯದಲ್ಲಿ ನಡೆದ ಸಮೀಕ್ಷೆಯು 2023ರಲ್ಲಿ ಅಂದಾಜಿಸಿತು. ಆದರೆ ಅಂಜಿಕೆಯು ವಿವೇಕದ ಸ್ಥಾನವನ್ನು ಆಕ್ರಮಿಸಿದಾಗ ಏನಾಗುವುದೆಂಬುದನ್ನು ಒಂದು ನಾಗರ ಪಂಚಮಿಯು ನನಗೆ ತೋರಿಸಿಕೊಟ್ಟಿತು.

ಆ ವರುಷ ನಮ್ಮ ಅತ್ತೆಯವರು ಎಂದಿನಂತೆ ಶೇಂಗಾದುಂಡಿ, ಎಳ್ಳುಂಡಿ, ರವೆಯುಂಡಿ, ತಂಬಿಟ್ಟುಗಳನ್ನು ಕಟ್ಟಿ, ಜೋಳದ ಅಳ್ಳು ಹುರಿದು ಡಬ್ಬಿಗಳನ್ನು ತುಂಬಿದ್ದರು. ನಾನು ಮಕ್ಕಳಿಗೆ ತಲೆಗೊಂದರಂತೆ ಎಣಿಸಿ ಕೊಟ್ಟು, ಉಳಿದುದನ್ನು ಎತ್ತರದಲ್ಲಿ ಮುಚ್ಚಿಟ್ಟೆನು. ಓಣಿಯ ಮಕ್ಕಳೆಲ್ಲರೂ ಬೇವಿನ ಮರದ ಜೋಕಾಲಿಯ ಸುತ್ತ ಕಲೆತಿರಲು, ಎಂಟು ವರುಷದ ನನ್ನ ಮಗನೊಬ್ಬನೇ ಕಾಣಲಿಲ್ಲ. ಹುಡುಕಿದರೆ, ದನದ ಕೊಟ್ಟಿಗೆಯ ಮೂಲೆಯಲ್ಲಿ ನಿಂತು, ಕಿಸೆಯಲ್ಲಿ ತುಂಬಿಕೊಂಡ ಉಂಡಿಗಳನ್ನು ಅವಸರದಿಂದ ನುಂಗುತ್ತಿದ್ದನು. ನನ್ನನ್ನು ಕಂಡೊಡನೆ ಬಾಯೊರಸಿಕೊಂಡು, “ನಾ ತಿಂದಿಲ್ಲ” ಎಂದನು. ನಾನು ಕೈಯೆತ್ತಿದೆನು. ಅತ್ತೆಯವರು ಅಡ್ಡಬಂದು, “ನೋಡವಾ, ಹುಡುಗ ಉಂಡಿ ತಿಂದದ್ದಕ್ಕ ನನಗ ಚಿಂತಿ ಇಲ್ಲ. ಹಬ್ಬದ ದಿನಾ ತಾಯಿಗೆ ಅಂಜಿ ಸುಳ್ಳ ಹೇಳಿದ್ನಲ್ಲ, ಅದಕ್ಕ ಚಿಂತಿ” ಎಂದರು. ಆ ಮಾತು ನನ್ನ ಎದೆಯನ್ನು ನೆಟ್ಟಿತು.

ಮುಂದೆ ಓದಿ ತಿಳಿದುದೇನೆಂದರೆ, ಅಮೇರಿಕದ ಜೆನಿಫರ್ ಫಿಶರ್ ಮತ್ತು ಲಿಯಾನ್ ಬರ್ಚ್ ಎಂಬ ವಿದುಷಿಯರು 1999ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿಯೂ ಇದೇ ಕಂಡುಬಂದಿತ್ತು. ಚಿಕ್ಕ ಮಕ್ಕಳ ಕಣ್ಣೆದುರಿನಲ್ಲಿಯೇ ತಿನಿಸನ್ನಿಟ್ಟು ನಿರ್ಬಂಧಿಸಿದಾಗ, ಅದರ ಮೇಲಣ ಅವರ ಆಸೆಯು ಕುಗ್ಗುವುದಕ್ಕೆ ಬದಲಾಗಿ ಹೆಚ್ಚಿತು.

ಅಂದು ರಾತ್ರಿ ನಾನು ಮನೆಯ ಸಕ್ಕರೆಯ ಲೆಕ್ಕವನ್ನು ಮಾಡಿದೆನು. ದಿನದ ಆಹಾರಶಕ್ತಿಯಲ್ಲಿ ಸೇರಿಸಿದ ಸಕ್ಕರೆಯ ಪಾಲು ನೂರಕ್ಕೆ 10ಕ್ಕಿಂತ ಕಡಿಮೆಯಿರಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯು 2015ರಲ್ಲಿ ಹೇಳಿದೆ. ಬೆಲ್ಲಕ್ಕೂ ಇದರಿಂದ ವಿನಾಯಿತಿಯಿಲ್ಲ. ಹೀಗಿರಲು, ಉಂಡಿಯ ಡಬ್ಬಿಗೆ ಕಾವಲು ಕುಳಿತ ನಾನೇ, ಶಕ್ತಿವರ್ಧಕವೆಂಬ ಬರಹವನ್ನು ನಂಬಿ, ಸಿಹಿಪುಡಿಯನ್ನು ಹಾಲಿನಲ್ಲಿ ಕಲಸಿ ದಿನಕ್ಕೆರಡು ಸಲ ಕುಡಿಸುತ್ತಿದ್ದೆನು! ಚಹದೊಡನೆ ಬಿಸ್ಕೀಟು ಬೇರೆ. ಇಂತಹ ಪೇಯಗಳನ್ನು “ಆರೋಗ್ಯಪೇಯ”ಗಳೆಂಬ ವರ್ಗದಲ್ಲಿಟ್ಟು ಮಾರಬಾರದೆಂದು ಕೇಂದ್ರ ಸರಕಾರವು 2024ರ ಏಪ್ರಿಲಿನಲ್ಲಿ ಅಂತರ್ಜಾಲದ ಮಾರಾಟಗಾರರಿಗೆ ಸೂಚಿಸಿತು. ವರುಷಕ್ಕೊಮ್ಮೆ ಬರುವ ಪಂಚಮಿಯಲ್ಲ, ಪ್ರತಿದಿನದ ಈ ಅಲಕ್ಷ್ಯವೇ ನಿಜವಾದ ಶತ್ರುವೆಂಬುದು ನನಗೆ ಮನವರಿಕೆಯಾಯಿತು.

ತಾಯಂದಿರೇ, ನಮ್ಮ ಹಿರಿಯರ ಹಬ್ಬಗಳಲ್ಲಿ ಮಿತಿಯೂ ಉಲ್ಲಾಸವೂ ಒಟ್ಟಿಗೆ ನೆಲೆಸಿವೆ. ಎಳ್ಳ ಅಮಾವಾಸ್ಯೆಯನ್ನೇ ನೋಡಿರಿ. ಸಜ್ಜೆಯ ಕಡಬು, ಜೋಳದ ರೊಟ್ಟಿ, ಬದನೆಯ ಎಣ್ಣೆಗಾಯಿಗಳ ಬುತ್ತಿ ಕಟ್ಟಿಕೊಂಡು ಎರೆಹೊಲಕ್ಕೆ ಹೋಗುತ್ತೇವೆ. ಮೊದಲು ಭೂತಾಯಿಗೆ ಚರಗ ಚೆಲ್ಲಿ, ನೆರೆಹೊಲದವರನ್ನು ಕರೆದು, ಅನಂತರ ತಾವು ಉಣ್ಣುತ್ತೇವೆ. ದುಡಿಮೆ, ಹಂಚಿಕೆ, ಊಟ, ಆಟ ಇವೆಲ್ಲವೂ ಅಲ್ಲಿ ಒಂದೇ ಸರದಲ್ಲಿ ಪೋಣಿಸಲ್ಪಟ್ಟಿವೆ. ಶರಣಧರ್ಮವು ಬೋಧಿಸುವುದೂ ಇದನ್ನೇ. ಲಿಂಗಕ್ಕೆ ಅರ್ಪಿತವಾಗುವ ಮೊದಲು ಅದು ಪದಾರ್ಥ. ಅರ್ಪಿತವಾದ ಬಳಿಕ ಪ್ರಸಾದ. ಪ್ರಸಾದವನ್ನು ಅಂಜಿ ಸ್ವೀಕರಿಸುವುದೂ ಸಲ್ಲದು, ಆಸೆಬುರುಕತನದಿಂದ ಸ್ವೀಕರಿಸುವುದೂ ಸಲ್ಲದು.

ಆದುದರಿಂದ ನಮ್ಮ ಮನೆಯ ಕ್ರಮವನ್ನು ಬದಲಿಸಿದೆವು. ಸಾಮಾನ್ಯ ದಿನಗಳಲ್ಲಿ ಹಾಲಿಗೆ ಪುಡಿಯಿಲ್ಲ, ಪೇಟೆಯಿಂದ ಸಿಹಿಯಿಲ್ಲ. ಹಬ್ಬ ಬಂದಾಗ ಮಕ್ಕಳೇ ಎಳ್ಳು ಹುರಿದು, ಅಜ್ಜಿಯೊಡನೆ ಕುಳಿತು ಸಣ್ಣ ಸಣ್ಣ ಉಂಡಿಗಳನ್ನು ಕಟ್ಟುತ್ತಾರೆ. ಮೊದಲ ತಟ್ಟೆಯನ್ನು ನೆರೆಮನೆಗೆ ಒಯ್ದು ಕೊಡುತ್ತಾರೆ. ಅನಂತರ ನಾವೆಲ್ಲರೂ ಕೂಡಿಯೇ ತಿನ್ನುತ್ತೇವೆ. ಎಣಿಸುವ ಕೆಲಸವನ್ನು ನಾನು ಬಿಟ್ಟಿದ್ದೇನೆ. ರೋಗವಿರುವ ಮಗುವಿಗೆ ವೈದ್ಯರ ಮಾತೇ ಪ್ರಮಾಣ. ಅಂತಹ ಮಗುವಿಗೂ ಜೋಕಾಲಿಯಲ್ಲಿ, ಹೊಲದ ಹಾದಿಯಲ್ಲಿ, ಬಂಧುಗಳ ನಗೆಯಲ್ಲಿ ಪೂರ್ಣ ಪಾಲು ದೊರೆಯಬೇಕು.

ಮರುವರುಷದ ಪಂಚಮಿಯಂದು ನನ್ನ ಮಗನು ಎರಡು ಉಂಡಿಗಳನ್ನು ತಿಂದು, ಮೂರನೆಯದನ್ನು ಅರ್ಧಕ್ಕೇ ತಂಗಿಯ ಕೈಗೆ ಕೊಟ್ಟು ಜೋಕಾಲಿಯ ಕಡೆಗೆ ಓಡಿದನು. ಹೋಗುತ್ತ, “ಅವ್ವಾ, ನೀನೂ ಬಾ” ಎಂದು ಕರೆದನು. ಅಂದು ಎಷ್ಟೋ ವರುಷಗಳ ಮೇಲೆ ನಾನೂ ಒಂದು ಉಂಡಿಯನ್ನು ತಿಂದು, ಜೋಕಾಲಿಯನ್ನೇರಿದೆನು.

ಶ್ರೀಮಠದ ದಾಸೋಹದ ಪಂಕ್ತಿಯಲ್ಲಿ ಯಾರ ತುತ್ತನ್ನೂ ಯಾರೂ ಎಣಿಸುವುದಿಲ್ಲ. ಎಲೆಯಲ್ಲಿ ಅನ್ನವನ್ನು ಬಿಡುವುದೂ ಇಲ್ಲ. ಆ ಪಂಕ್ತಿಯ ಸಂಯಮ ಸಂತೋಷಗಳು ನಮ್ಮ ಮನೆಮನೆಗಳಲ್ಲಿಯೂ ನೆಲೆಸಲೆಂದು ಪ್ರಾರ್ಥಿಸಿ, ನನ್ನ ಮಾತುಗಳನ್ನು ಮುಗಿಸುವೆನು.