ಹಗೇವಿನ ರಾಗಿ, ಮಡಕೆಯ ಬೀಜ
(ಸಂಘದ ಬೆಳ್ಳಿಹಬ್ಬದ ಸಭೆಯಲ್ಲಿ ಮಾಡಿದ ಭಾಷಣ)



ನಮ್ಮ ಶಿರಾ, ಮಧುಗಿರಿ, ಪಾವಗಡದ ಕಡೆ ಮಳೆ ನಂಬಿ ಬದುಕಿದವರಿಲ್ಲ, ಹಗೇವು ನಂಬಿ ಬದುಕಿದವರುಂಟು. ಗಟ್ಟಿ ನೆಲದಲ್ಲಿ ಆಳು ಮುಳುಗುವಷ್ಟು ಗುಂಡಿ, ಒಬ್ಬ ಇಳಿಯುವಷ್ಟೇ ಬಾಯಿ. ಸುತ್ತ ಹುಲ್ಲು ಕೊಟ್ಟು, ಒಣಗಿದ ರಾಗಿ ಸುರಿದು, ಚಪ್ಪಡಿ ಮುಚ್ಚಿ ಮಣ್ಣು ಮೆತ್ತುತ್ತಿದ್ದರು. ಒಳಗೆ ಗಾಳಿಯಾಡದ ಕಾರಣ ಹುಳು ಬದುಕುತ್ತಿರಲಿಲ್ಲ, ರಾಗಿ ವರ್ಷಗಟ್ಟಲೆ ಕೆಡುತ್ತಿರಲಿಲ್ಲ. ಅದೇ ಕಾರಣಕ್ಕೆ ಮನುಷ್ಯನೂ ಬದುಕುವುದಿಲ್ಲ! ಬಾಯಿ ತೆಗೆದು ಗಾಳಿಯಾಡಲು ಬಿಟ್ಟು, ದೀಪ ಇಳಿಬಿಟ್ಟು ನೋಡಿ, ಆಮೇಲೆ ಇಳಿಯುತ್ತಿದ್ದರು. ಈಗ ಹಳೇ ಹಗೇವು ಕಂಡರೆ ಯಾರೂ ಇಳಿಯಬೇಡಿ, ಮಕ್ಕಳನ್ನೂ ಬಿಡಬೇಡಿ.

ಆದರೆ ಹಗೇವಿನ ರಾಗಿ ಊಟಕ್ಕೆ. ಬಿತ್ತನೆಯದು ಬೇರೆ. ಹೊಲದಲ್ಲೇ ಒಳ್ಳೇ ತೆನೆ ಆರಿಸಿ, ಒಣಗಿಸಿ, ಬೂದಿ ಬೆರೆಸಿ, ಬೇವಿನಸೊಪ್ಪು ಹಾಕಿ ಮಡಕೆಯಲ್ಲಿ ಇಡುತ್ತಿದ್ದವರು ನಮ್ಮ ಅವ್ವಂದಿರು. ತೊಗರಿಗೆ ಕೆಮ್ಮಣ್ಣು ಕಟ್ಟುತ್ತಿದ್ದರು. ಅಕ್ಕಡಿ ಸಾಲಿಗೆ ಅವರೆ, ಹುಚ್ಚೆಳ್ಳು, ಜೋಳ ಎಲ್ಲಾ ಆ ಅಟ್ಟದಿಂದಲೇ ಇಳಿಯಬೇಕು.

ಇದು ಯಾಕೆ ಮುಖ್ಯ? ದೂರದ ಐರ್ಲೆಂಡ್ ದೇಶದ ಬಡವರು ಆಲೂಗಡ್ಡೆ ತಿಂದೇ ಬದುಕುತ್ತಿದ್ದರು. ಅವರೂ ನಮ್ಮ ಹಾಗೇ ಗುಂಡಿಯಲ್ಲಿಟ್ಟು ಹುಲ್ಲು, ಮಣ್ಣು ಮುಚ್ಚಿ ಕಾಪಾಡುತ್ತಿದ್ದರು. ಆದರೆ ಬಹಳ ಜನ ನೆಟ್ಟಿದ್ದು ಒಂದೇ ತಳಿ. 1845ರಲ್ಲಿ ಅಂಗಮಾರಿ ರೋಗ ಬಂತು, ಗುಂಡಿಯಲ್ಲಿಟ್ಟ ಗಡ್ಡೆಯೂ ಕೊಳೆಯಿತು. ಮುಂದಿನ ವರ್ಷಗಳಲ್ಲಿ ಹಸಿವು, ಕಾಯಿಲೆಯಿಂದ ಸುಮಾರು 10 ಲಕ್ಷ ಜನ ತೀರಿಕೊಂಡರು. ಕೂಡಿಡೋ ಜಾಣತನ ಇದ್ದರೆ ಸಾಲದು, ಬೀಜ ನಾಲ್ಕು ಥರ ಇರಬೇಕು. ರಾಗಿಗೂ ಬೆಂಕಿ ರೋಗ ಉಂಟಷ್ಟೆ.

ಹಳೇದೇ ಮೇಲು ಅಂತ ನಾನು ಹೇಳ್ತಾ ಇಲ್ಲ. ವಿಜ್ಞಾನಿ ಲಕ್ಷ್ಮಣಯ್ಯನವರು ನಮ್ಮ ರಾಗಿಗೂ ಆಫ್ರಿಕಾದ ರಾಗಿಗೂ ಸಂಕರ ಮಾಡಿ ಇಂಡಾಫ್ ತಳಿ ಕೊಟ್ಟರು, ಇಳುವರಿ ಏರಿತು. ಎರಡೂ ಕಡೆ ಯಾರೋ ಬೀಜ ಉಳಿಸಿಕೊಂಡಿದ್ದಕ್ಕೇ ಅದು ಆಯಿತಲ್ಲವೇ?

ಈಗ ಅಂಗಡಿಯಿಂದ ಬೀಜ ತಂದು ಬಿತ್ತುತ್ತೇವೆ. ಮೊದಲ ಮಳೆಗೆ ಮೊಳೆತು ಒಣಗಿದರೆ ಎರಡನೇ ಬಿತ್ತನೆಗೆ ಮತ್ತೆ ಸಾಲ. ಆದ್ದರಿಂದ ಸಂಘದ ಮುಂದೆ ಒಂದು ಮಾತು. ಗೋದಾಮಿನ ಒಂದು ಮೂಲೆ ಬೀಜಕ್ಕೆ ಬಿಡಿ. ಮನೆಗೆ ಎರಡು ಸೇರಿನಂತೆ, ತಳಿಯ ಹೆಸರು ಬರೆದು ತಂದಿಡೋಣ. ಒಯ್ದವರು ಸುಗ್ಗಿಯಲ್ಲಿ ಸೇರಿಗೆ ಸವಾ ಸೇರು ತಿರುಗಿಸಲಿ. ಲೆಕ್ಕ ಹೆಣ್ಣುಮಕ್ಕಳ ಕೈಲಿರಲಿ, ಬೀಜದ ಗುಣ ಬಲ್ಲವರು ಅವರು.

ಇಪ್ಪತ್ತೈದು ವರ್ಷ ಸಾಲ, ಗೊಬ್ಬರ ಕೊಟ್ಟ ಸಂಘ ಇನ್ನು ಬೀಜವನ್ನೂ ಕಾಯಲಿ ಎಂದು ಕೇಳಿಕೊಂಡು ನನ್ನ ಮಾತು ಮುಗಿಸುತ್ತೇನೆ.