ಕಡಲ ಬದಿಯ ಬಿಡುವು

ಹುಬ್ಬಳ್ಳಿ-ಧಾರವಾಡದವರಾದ ನಮಗೆ ಕಡಲು ಪರದೇಶವೇನೂ ಅಲ್ಲ. ಯಲ್ಲಾಪುರವನ್ನು ದಾಟಿ ಅರಬೈಲು ಘಟ್ಟವನ್ನಿಳಿದರೆ ಅಂಕೋಲೆ, ಮುಂದೆ ಕಾರವಾರ. ಆದರೂ ನಮ್ಮಲ್ಲಿ ಅನೇಕರು ಅಲ್ಲಿಗೆ ಹೋಗುವುದು ಒಂದು ಹಗಲಿನ ಮಟ್ಟಿಗೆ. ಇದರಿಂದ ಕಾಲಿಗೆ ಉಸುಕು ಹತ್ತೀತೇ ಹೊರತು ಮನಸ್ಸಿಗೆ ವಿಶ್ರಾಂತಿ ದೊರೆಯದು.

ರವೀಂದ್ರನಾಥ ಠಾಕೂರರು ತಾರುಣ್ಯದಲ್ಲಿ, ಕಾರವಾರದಲ್ಲಿ ನ್ಯಾಯಾಧೀಶರಾಗಿದ್ದ ಅಣ್ಣ ಸತ್ಯೇಂದ್ರನಾಥರ ಮನೆಯಲ್ಲಿ ಕೆಲಕಾಲ ತಂಗಿದ್ದರು. 1884ರಲ್ಲಿ ಅಚ್ಚಾದ 'ಪ್ರಕೃತಿರ್ ಪ್ರತಿಶೋಧ' ನಾಟಕವನ್ನು ಬರೆದದ್ದು ಅಲ್ಲಿಯೇ. ತಂಗಿದ್ದರೆಂಬ ಮಾತನ್ನು ಶ್ರೋತೃಗಳು ಗಮನಿಸಬೇಕು. ಹಗಲು ನೆಲ ಬೇಗನೆ ಕಾಯುವುದರಿಂದ ಕಡಲ ಕಡೆಯಿಂದ ತಂಗಾಳಿ ಬರುತ್ತದೆ. ಇರುಳು ನೆಲ ಬೇಗನೆ ಆರಿ ಗಾಳಿ ಕಡಲಿನತ್ತ ತಿರುಗುತ್ತದೆ. ಈ ತಿರುವನ್ನು ಮೈಯಲ್ಲಿ ಅರಿಯಲು ಒಂದು ಇರುಳಾದರೂ ದಡದಲ್ಲಿ ಕಳೆಯಬೇಕಷ್ಟೆ.

ಇಂಗ್ಲೆಂಡಿನ 2001ರ ಜನಗಣತಿಯನ್ನು ಪರಿಶೀಲಿಸಿದ ವಿದ್ವಾಂಸರು, ಕರಾವಳಿಗೆ ಹತ್ತಿರವಿರುವವರಲ್ಲಿ ತಮ್ಮ ಆರೋಗ್ಯ ಚೆನ್ನಾಗಿದೆಯೆಂದವರ ಪ್ರಮಾಣ ತುಸು ಹೆಚ್ಚೆಂದೂ, ಬಡವರಿರುವ ಕಡೆ ಈ ಅಂತರ ಇನ್ನೂ ಎದ್ದು ಕಾಣುವುದೆಂದೂ 2012ರಲ್ಲಿ ತಿಳಿಸಿದರು. ಕಡಲು ಔಷಧವೆಂದು ಇದರಿಂದ ಸಿದ್ಧವಾಗದು. ತಳ್ಳಿಹಾಕುವ ಮಾತೂ ಅಲ್ಲ.

ಮಳೆಗಾಲದಲ್ಲಿ ಮಾತ್ರ ನೀರಿಗಿಳಿಯದೆ ದಡದಲ್ಲಿ ಕುಳಿತಿರುವುದೇ ಲೇಸು. ಬಯಲುಸೀಮೆಯವರು ಕೆರೆಯ ಈಜನ್ನು ನಂಬಿ ಅಲೆಗಿಳಿಯುವುದುಂಟು. ಒಳಕ್ಕೆ ಸೆಳೆಯುವ ಹರಿವಿಗೆ ಸಿಕ್ಕವರು ಅದಕ್ಕೆ ಎದುರಾಗಿ ಹೆಣಗದೆ, ದಡದ ಉದ್ದಕ್ಕೆ ಪಕ್ಕಕ್ಕೆ ಈಜಿ, ಸೆಳೆತ ತಗ್ಗಿದ ಮೇಲೆ ದಡದತ್ತ ತಿರುಗಬೇಕು.